ಕಾದಂಬರಿಯಲ್ಲಿ ಕೂತ ಡಾಕ್ಟರು

ಡಾಕ್ಟರ್ ಲಾಂಬ್ರೊಸ್ ಮೂವತ್ತು ವರ್ಷ ರೋಗಿಗಳನ್ನು ನೋಡಿ, ಈಗ ನಿವೃತ್ತರಾಗಿ ದೇವರು, ಕರುಣೆಯ ಬಗ್ಗೆ ಕಾದಂಬರಿ ಬರೆದು ಪ್ರಕಟಿಸಿದ್ದರು. ಗ್ರೀಸಿನ ಕಲಮಾಟಾ ಪೇಟೆಗೆ ಹೋಗುವ ಬಸ್ಸಿನಲ್ಲಿ, ಮುಂದಿನ ಸೀಟಿನಿಂದ ತಮ್ಮ ಹೆಸರು ಕೇಳಿಸಿತು. ಕೂತಿದ್ದವರು ಅವರ ಹಳೇ ರೋಗಿಗಳಾದ ಸ್ತಮಾತಾ ಮತ್ತು ಫೋತಿನಿ. ಹೊಗಳಿಕೆ ಇರಬಹುದೆಂದು ಡಾಕ್ಟರು ಉಸಿರು ಬಿಗಿಹಿಡಿದು ಕಿವಿಗೊಟ್ಟರು.

“ಲಾಂಬ್ರೊಸ್ ಬರೆದಿರೋ ಪುಸ್ತಕದಲ್ಲಿ ಬರೋ ಡಾಕ್ಟ್ರು ದೇವರಂಥೋನು ಕಣೇ ಫೋತಿನಿ. ರೋಗಿ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡ್ತಾನೆ.”

“ನನ್ ಕೈನೂ ಹಿಡಿದಿದ್ರು ನಮ್ಮ ಡಾಕ್ಟ್ರು. ನಾಡಿ ನೋಡೋಕೆ. ಕಣ್ಣೆಲ್ಲ ಗಡಿಯಾರದ ಮೇಲೆ.”

“ಅದ್ರಲ್ಲಿ ಒಬ್ಳು ವಿಧವೆ ಬರ್ತಾಳೆ. ಗಂಡ ಸತ್ತ ದಿನ ಡಾಕ್ಟ್ರು ಸಂಜೆವರೆಗೂ ಅವಳ ಪಕ್ಕದಲ್ಲೇ ಕೂತಿರ್ತಾನೆ. ಅವಳು ನಾನೇ.”

“ಹೌದಾ? ನಿಮ್ಮನೇಲಿ ಕೂತಿದ್ರಾ?”

“ಎಲ್ಲಿ ಕೂತ್ರು? ಬಾಗಿಲಲ್ಲೇ ನಿಂತು ಸಾವಿನ ಕಾಗದಕ್ಕೆ ಸಹಿ ಹಾಕಿ ಹೋದ್ರು. ಕಾಫಿ ಬೇಕಾ ಅಂದ್ರೂ ಕೇಳಿಸ್ಲಿಲ್ಲ.”

“ಹಂಗಾದ್ರೆ ಪೂರ್ತಿ ಸುಳ್ಳು.”

“ಸುಳ್ಳೇ. ಆದ್ರೂ ಓದ್ತಾ ಓದ್ತಾ ಅತ್ತುಬಿಟ್ಟೆ. ಹನ್ನೆರಡು ವರ್ಷ ಆದ್ಮೇಲಾದ್ರೂ ಬಂದು ಕೂತರಲ್ಲ, ಪಾಪ, ಅನ್ನಿಸ್ತು.”

“ಏಳು, ಚರ್ಚ್ ಬಂತು. ಕರುಣೆ ಬಗ್ಗೆ ಇವತ್ತು ಅಲ್ಲಿ ನಮ್ಮ ಡಾಕ್ಟ್ರದೇ ಭಾಷಣ. ಆಮೇಲೆ ಬಾದಾಮಿ ಬಿಸ್ಕತ್ತೂ ಇದೆಯಂತೆ.”

“ಮೊದಲು ಬಿಸ್ಕತ್ತು ಕೊಟ್ರೆ ಅದೇ ದೊಡ್ಡ ಕರುಣೆ.”

ಇಬ್ಬರೂ ನಗುತ್ತಾ ಇಳಿದುಹೋದರು. ಡಾಕ್ಟರೂ ಅಲ್ಲೇ ಇಳಿಯಬೇಕಿತ್ತು. ಆದರೆ ಬಸ್ಸು ಮುಂದಿನ ನಿಲ್ದಾಣ ದಾಟುವವರೆಗೂ ಅವರಿಗೆ ಏಳಲಾಗಲಿಲ್ಲ.