ಒಂದು ಕುಲಗೆಟ್ಟ ಮತ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮೂರಿನ ಹೊಸ ಮೇಯರ್ ಶ್ರೀಮತಿ ಪೆರ್ರಾನ್ ಅವರೇ, ಇಂದು ನಾವು ಬೀಳ್ಕೊಡುತ್ತಿರುವ ಹಳೆಯ ಮೇಯರ್ ಶ್ರೀ ವೆರ್ದಿಯೆ ಅವರೇ, ವೈನ್ ಬಾಟಲಿಗಳ ಕಡೆಗೇ ಕಣ್ಣಿಟ್ಟಿರುವ ಪ್ರೀತಿಯ ಸಭಿಕರೇ,

ಮಾತಾಡಲು ನನ್ನನ್ನೇ ಏಕೆ ಕರೆದರು? ವೆರ್ದಿಯೆ ಅವರು ಮೇಯರ್ ಗುರುತಾದ ಮೂರು ಬಣ್ಣದ ಎದೆಪಟ್ಟಿ ಧರಿಸಿ ನಡೆಸಿಕೊಟ್ಟ ಕೊನೆಯ ಮದುವೆ ನನ್ನದು. ನನಗೂ ಲೊಯಿಕ್‌ಗೂ ಮದುವೆಯಾಗಿ ಇಂದಿಗೆ ಐದು ವಾರ. ಅಂಗಡಿಯವರ ಮುಂದೆ ‘ನನ್ನ ಗಂಡ’ ಎನ್ನುವ ಸುಖಕ್ಕಾಗಿಯೇ ನಾನು ದಿನಕ್ಕೆರಡು ಸಲ ಬ್ರೆಡ್ ತರಲು ಹೋಗುತ್ತೇನೆ. ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ.

ಇಪ್ಪತ್ನಾಲ್ಕು ವರ್ಷ ಈ ಊರನ್ನು ನಡೆಸಿದವರು ಯಾರು? ಶಾಲೆಯ ಒಂದು ತರಗತಿ ಮುಚ್ಚಲು ಅಧಿಕಾರಿಗಳು ಬಂದಾಗ, ಮಕ್ಕಳ ಕುರ್ಚಿಯಲ್ಲಿ ಕುಳಿತು ಸಂಜೆಯವರೆಗೆ ಏಳದಿದ್ದವರು ಯಾರು? ಪಕ್ಕದ ಪಟ್ಟಣಕ್ಕೆ ನಮ್ಮೂರನ್ನು ಸೇರಿಸಬಾರದು ಎಂದವರು ವೆರ್ದಿಯೆ. ಸೇರಿದರೇ ಉಳಿಯುತ್ತೇವೆ ಎಂದವರು ಪೆರ್ರಾನ್. ಈ ಸಲದ ಚುನಾವಣೆ ಇಷ್ಟೇ.

ಇದುವರೆಗೆ ನಮ್ಮಲ್ಲಿ ಮತ ಹಾಕುವುದೆಂದರೆ ಮತಪತ್ರವಾಗಿ ಕೊಟ್ಟ ಅಭ್ಯರ್ಥಿಗಳ ಪಟ್ಟಿಯಲ್ಲಿ ಇಷ್ಟವಿಲ್ಲದವರ ಹೆಸರಿನ ಮೇಲೆ ಗೆರೆ ಎಳೆಯುವುದು. ಬೇಲಿಯ ಜಗಳ, ನಾಯಿಯ ಜಗಳ ಎಲ್ಲವೂ ಆರು ವರ್ಷಕ್ಕೊಮ್ಮೆ ಅಲ್ಲೇ ತೀರುತ್ತಿದ್ದವು. ಈ ಸಲ ಕಾನೂನು ಬದಲಾಯಿತು. ಒಬ್ಬರ ಪಟ್ಟಿಯನ್ನು ಇದ್ದ ಹಾಗೆಯೇ ಲಕೋಟೆಯಲ್ಲಿಟ್ಟು ಹಾಕಬೇಕು, ಗುರುತು ಬಿದ್ದರೆ ಕುಲಗೆಟ್ಟ ಮತ, ಲೆಕ್ಕಕ್ಕಿಲ್ಲ. ವೆರ್ದಿಯೆ ಮನೆಮನೆಗೂ ಹೋಗಿ ಹೇಳಿದರು, ನಮ್ಮ ಬೀದಿಯ ಅಜ್ಜಿ ಒದೆತಮ್ಮನಿಗೂ.

“ಈ ಸಲ ಪೆನ್ನು ಮನೇಲೇ ಬಿಟ್ಟು ಬಾ, ಒದೆತಮ್ಮ.”

“ಗೆರೆ ಎಳೆಯೋಕೂ ಇಲ್ಲ ಅಂದ್ರೆ ಅದ್ಯಾವ ಸೀಮೆ ಓಟಪ್ಪ?”

ಎಣಿಕೆಯ ಮೇಜಿನಲ್ಲಿ ನಾನೂ ಇದ್ದೆ. ಲಕೋಟೆ ತೆರೆಯುತ್ತಿದ್ದ ಒದೆತಮ್ಮ ಒಂದು ಮತಪತ್ರ ಎತ್ತಿ ಹಿಡಿದರು. ವೆರ್ದಿಯೆ ಅವರ ಪಟ್ಟಿ. ಅದರಲ್ಲಿ ಐದನೆಯ ಹೆಸರು ನನ್ನ ಗಂಡನದು. ಪಕ್ಕದಲ್ಲಿ ಪೆನ್ನಿನಿಂದ ಬಿಡಿಸಿದ ಪುಟ್ಟ ಹೃದಯ.

“ಏನೋ ಲೊಯಿಕ್, ಮದ್ವೆ ಆದ್ಮೇಲೂ ಹಳೇ ಹುಡ್ಗೀರು ಬಿಡ್ಲಿಲ್ವಲ್ಲೋ ನಿನ್ನ” ಎಂದರು. ಎಲ್ಲರೂ ನಕ್ಕರು. ನಾನು ಅವನನ್ನು ಕೆಕ್ಕರಿಸಿ ನೋಡಿದೆ.

ನೂರ ಮೂರು, ನೂರ ಎರಡು. ವೆರ್ದಿಯೆ ಒಂದು ಮತದಿಂದ ಸೋತರು. ಪಕ್ಕಕ್ಕಿಟ್ಟ ಆ ಹೃದಯದ ಮತವೂ ಸೇರಿದ್ದರೆ ಸರಿಸಮ, ಮರುಭಾನುವಾರ ಮತ್ತೆ ಮತದಾನ.

ಅಂದಿನಿಂದ ಅವರು ಕೆಫೆಗೆ ಬಂದಿಲ್ಲ. “ಊರಿಗೆ ನಾನು ಸಾಕಾದೆ” ಅಂತಾರಂತೆ. ಎದುರಿಗೆ ಸಿಕ್ಕವರನ್ನೆಲ್ಲ ‘ಕೈಬಿಟ್ಟವನು ಇವನೇ ಇರಬಹುದೇ’ ಎಂದು ನೋಡುತ್ತಾರಂತೆ. ಇತ್ತ ಹದಿನೈದು ದಿನದಿಂದ ನನ್ನ ಗಂಡ “ನಂಗೆ ಯಾರೂ ಇಲ್ಲ ಕಣೇ, ನಿನ್ನಾಣೆ” ಎನ್ನುತ್ತಲೇ ಇದ್ದಾನೆ. ನಾನು ಹೂಂ ಎನ್ನುತ್ತಲೂ ಇಲ್ಲ, ಉಹೂಂ ಎನ್ನುತ್ತಲೂ ಇಲ್ಲ.

ಈ ಕಾಗದದಲ್ಲಿ ನಾನು ಬರೆದುಕೊಂಡು ಬಂದದ್ದು ಇಲ್ಲಿಗೆ ಮುಗಿಯಿತು. ಮುಂದಿನದನ್ನು ಬರೆದಿಲ್ಲ.

ವೆರ್ದಿಯೆ ಅವರೇ, ಊರು ನಿಮ್ಮನ್ನು ಕೈಬಿಟ್ಟಿಲ್ಲ. ಆ ಹೃದಯ ಬಿಡಿಸಿದ್ದು ನಾನು. ಪರದೆಯ ಹಿಂದೆ ಅವನ ಹೆಸರನ್ನು ಅಚ್ಚಿನಲ್ಲಿ ನೋಡಿದೆ, ಕೈ ತಾನಾಗಿ ಓಡಿತು. ಗೆರೆ ಎಳೆಯಬಾರದೆಂದು ಕೇಳಿಸಿಕೊಂಡಿದ್ದೆ, ಪ್ರೀತಿಯೂ ಒಂದು ಗುರುತು ಎಂದು ಹೊಳೆಯಲಿಲ್ಲ. ಎಣಿಕೆಯ ಮೇಜಿನಲ್ಲಿ ಒಪ್ಪಿಕೊಳ್ಳಲು ನಾಚಿ, ಕೆಕ್ಕರಿಸಿ ತಪ್ಪನ್ನು ಅವನ ಮೇಲೆಯೇ ಬಿಟ್ಟೆ. ಪೆರ್ರಾನ್ ಅವರೇ, ನಿಮ್ಮ ಗೆಲುವು ನ್ಯಾಯವಾದದ್ದೇ, ತಪ್ಪು ನನ್ನದೊಬ್ಬಳದೇ.

ನನ್ನ ಗಂಡ ಈಗಷ್ಟೇ ಎದ್ದು ಹೊರಗೆ ಹೋದ. ಅವನಿಗೆ ಹೇಳಬೇಕಾದದ್ದನ್ನು ಮನೆಯಲ್ಲಿ ಹೇಳುತ್ತೇನೆ, ಬಾಗಿಲು ತೆರೆದರೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.