ಗಾಜಿನಾಚೆ ಹಾಕಿದ ಶಿಲುಬೆ

ಮಾನ್ಯ ವಾಚಕ ಮಹಾಶಯರೇ, ಪ್ಲೋವ್‌ದಿವ್ ನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಸಿ ಬಂದ ಪೆಂಕಾ ತನ್ನ ತಂಗಿ ಡೋನ್ಕಾಳೊಡನೆ ಆಡಿದ, ಪಕ್ಕದ ಬೆಂಚಿನಲ್ಲಿದ್ದ ನಾನು ಕೇಳಿಸಿಕೊಂಡ ಮಾತುಗಳನ್ನು ಯಥಾವತ್ತಾಗಿ ನಿವೇದಿಸುತ್ತೇನೆ.

“ಯಾಕಕ್ಕಾ ಇಷ್ಟು ಹೊತ್ತು?”

“ಎರಡು ಸಲ ತೆಗೆದ್ರು ಕಣೇ. ಉಸಿರು ಬಿಗಿ ಹಿಡಿದ್ರೆ ಹೃದಯ ಎಡ ಮೊಲೆಯಿಂದ ದೂರ ಸರಿಯುತ್ತಂತೆ. ಅದನ್ನ ನೋಡ್ಕೊಂಡೇ ಚಿಕಿತ್ಸೆ ಕಿರಣ ಎಲ್ಲಿಗೆ ಬಿಡ್ಬೇಕು ಅಂತ ಗುರುತು ಹಾಕ್ತಾರೆ. ನಾನು ನಡುವೆ ಕೈಯೆತ್ತಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆ ಹಾಕ್ಕೊಂಡ್ಬಿಟ್ಟೆ.”

“ಬಸ್ಸಲ್ಲಿ ಚರ್ಚ್ ಕಂಡ್ರೂ ಬಿಡೋಳಲ್ಲ ನೀನು. ಬೈದ್ರಾ?”

“ಇಲ್ಲ. ಸ್ಕ್ಯಾನ್ ಮಾಡೋಳು ಐಸೆಲ್ ಅಂತ ತುರ್ಕರ ಹುಡುಗಿ. ‘ಅಜ್ಜಿ, ನೀವು ಅಲ್ಲಾಡ್ಬೇಡಿ, ನಿಮ್ಮ ಬದಲು ನಾನು ಹಾಕ್ತೀನಿ, ಯಾವ ಭುಜ ಮೊದ್ಲು?’ ಅಂದ್ಲು.”

“ಹಾಕಿದ್ಲಾ?”

“ಗಾಜಿನಾಚೆ ನಿಂತು ಬಲ ಭುಜ, ಆಮೇಲೆ ಎಡ, ನಮ್ಮ ಚರ್ಚಿನ ಪದ್ಧತಿಯಂತೆ ಸರಿಯಾಗೇ ಹಾಕಿದ್ಲು. ಹೃದಯ ಎರಡು ಬೆರಳಷ್ಟು ಸರಿದಿದ್ದನ್ನ ಚಿತ್ರದಲ್ಲಿ ತೋರಿಸಿದ್ಲು. ಕಿರಣ ಅದಕ್ಕೆ ತಾಗಲ್ವಂತೆ.”

ಡೋನ್ಕಾ ಕಣ್ಣೊರೆಸಿಕೊಂಡಳು. “ನಾಳೆ ಅವಳಿಗೆ ಗಿಣ್ಣು ತುಂಬಿದ ಪದರದ ರೊಟ್ಟಿ, ನಮ್ಮ ಬಾನಿತ್ಸಾ, ಬೇಯಿಸಿ ತರ್ತೀನಿ.”

“ಹಂದಿ ಕೊಬ್ಬು ಹಾಕ್ಬೇಡ ಮತ್ತೆ. ಬೆಣ್ಣೆ ಹಾಕು.”

ತೋಳಿಗೆ ತೋಳು ಸೇರಿಸಿ ಅವರು ಹೊರಟರು. ನಾನೂ ಚೀಲವನ್ನು ಹೆಗಲಿಗೇರಿಸಿ ಬಸ್ ನಿಲ್ದಾಣದತ್ತ ನಡೆದೆನು.