ಅನನ್ಯಳ ಪರವಾಗಿ ನಾನು ಹೇಳಿದ ಮಾತು

ಎಲ್ಲರಿಗೂ ನಮಸ್ಕಾರ. ಕೊಚ್ಚಿಯಿಂದ ಬಂದಿರುವ ಜಯಕರನ ಹೆಂಡತಿ ಪ್ರೇಮಕ್ಕನಿಗೆ, ಮಗ ರಂಜನನಿಗೆ, ಅಧ್ಯಕ್ಷರಾಗಿ ಕುಳಿತಿರುವ ವಕೀಲ ಗಣೇಶಪ್ರಸಾದರಿಗೆ, ನಮ್ಮ ಪಾದ್ರಿ ಅಯ್ಯನವರಿಗೆ — ಮತ್ತು ಬಾಗಿಲಲ್ಲಿ ನಿಂತಿರುವವರಿಗೆ. ನೀವು ಒಳಗೆ ಬನ್ನಿ, ಇಲ್ಲಿ ಮುಂದೆ ಕುರ್ಚಿ ಉಂಟು. ಜಯಕರನ ಫೋಟೋದ ಹತ್ತಿರ ಕೂರಲು ಹೆದರಬೇಡಿ, ಅವನು ಈಗ ಪ್ರಶ್ನೆ ಕೇಳುವುದಿಲ್ಲ.

ನಿಜ ಹೇಳುತ್ತೇನೆ. ಮೈಕು ಹಿಡಿಯುವ ಮೊದಲು ನಾನು ನೋಡಿದ್ದು ಈ ಹಾಲನ್ನು. ರಾಕೆಟ್ ಹಾರಿಸುವ ತುಂಬದಿಂದ ಬಂದಿದ್ದೀರಿ, ಕಳಕ್ಕೂಟಂನಿಂದ ರಜೆ ಹಾಕಿ ಬಂದಿದ್ದೀರಿ. ತಂಪಾನೂರು ರೈಲು ನಿಲ್ದಾಣದಿಂದ ಇಲ್ಲಿಯವರೆಗೆ ನಡೆದೇ ಬಂದವರಿದ್ದಾರೆ. ನಾನು ಹೋದರೆ ಇಷ್ಟು ಜನ ಬರುತ್ತಾರಾ? ಬರಲಿಕ್ಕಿಲ್ಲ. ಹೊಟ್ಟೆಕಿಚ್ಚು ಎಂದು ನೀವು ಹೇಳಬಹುದು. ಹೇಳಿ. ನಲವತ್ತು ವರ್ಷದ ಹೊಟ್ಟೆಕಿಚ್ಚು, ಒಂದು ಪೆಟ್ಟಿಗೆಯ ಜೊತೆ ಮಣ್ಣಿಗೆ ಹೋಗುವಂಥದ್ದಲ್ಲ.

ನಾವಿಬ್ಬರೂ ಕಾಸರಗೋಡಿನ ಕಡೆಯವರು, ಇಬ್ಬರೂ ಕನ್ನಡ ಸಭೆಯ ಕ್ರೈಸ್ತರು, ಒಂದೇ ಕೇಂದ್ರ ಸರ್ಕಾರದ ಆಫೀಸು. ಅವನು ಎಂ.ಎ. ಮಾಡಿದ ಅಧಿಕಾರಿ. ನಾನು ಪ್ರಭುದಾಸ, ಊರ ಶಾಲೆಯಲ್ಲಿ ಏಳನೇ ಕ್ಲಾಸು, ಆಫೀಸಿನ ಕಾರಿನ ಡ್ರೈವರ್. ಕಾರಿನಲ್ಲಿ ಹಿಂದೆ ಕುಳಿತರೆ ಅವನು 'ಸಾರ್'. ಭಾನುವಾರ ಮಧ್ಯಾಹ್ನ ಕನ್ನಡ ಮಕ್ಕಳ ಸಂಡೇ ಸ್ಕೂಲಿಗೆ ಬಂದರೆ 'ನೀನು, ಮಾರಾಯ'. ಆ ಶಾಲೆಯನ್ನು ಕಟ್ಟಿದ್ದು ನಾವಿಬ್ಬರೇ. ಕತೆ ಹೇಳಿ ಮಕ್ಕಳನ್ನು ನಗಿಸುವವನು ನಾನು. ಬಿಸಿ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ಕಟ್ಟಿಸಿಕೊಂಡು ಬರುವವನು ನಾನು. ಮಕ್ಕಳು ನನ್ನ ಹೆಗಲ ಮೇಲೆ ಹತ್ತುತ್ತಿದ್ದರು — ಹೀಗೆ, ಇಲ್ಲಿ. ಆದರೆ ಮನಸ್ಸಿನಲ್ಲಿ ಏನಾದರೂ ಚುಚ್ಚಿದರೆ ಇಳಿದು ನೇರ ಅವನ ಹತ್ತಿರ ಹೋಗುತ್ತಿದ್ದರು. ಅವನು ಏನು ಕೊಡುತ್ತಿದ್ದ? ಏನೂ ಇಲ್ಲ. ಸುಮ್ಮನೆ ಕೇಳುತ್ತಿದ್ದ.

ಒಂದು ದಿನ ಪಳಂಪೊರಿಯ ಪೊಟ್ಟಣ ತೆರೆದರೆ ಅರ್ಧ ಖಾಲಿ. ಪುಟ್ಟ ಸಚಿನನ ಬಾಯಿಯ ಸುತ್ತ ಎಣ್ಣೆ. ನಾನು ಅವನನ್ನು ನಿಲ್ಲಿಸಿ, ಕಳ್ಳತನ ಪಾಪ, ದೇವರ ಹತ್ತಿರ ಕ್ಷಮೆ ಕೇಳು ಎಂದು ಗುಡುಗಿದೆ. ಜಯಕರ ನಡುವೆ ಬಂದ.

"ಮಗಾ, ಅದು ಎಲ್ಲರಿಗೆ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ, ಅಂಕಲ್. ಅಲ್ಲಿ ಇತ್ತು, ತಿಂದೆ."

"ಹಾಗಾದರೆ ಹೋಗು, ಬಾಯಿ ಒರೆಸಿಕೋ," ಎಂದುಬಿಟ್ಟ. ಅಷ್ಟರಲ್ಲಿ ಮೂಲೆಯಿಂದ ಒಂದು ದನಿ. "ಎನಿಕ್ಕರಿಯಾಮಾಯಿರುನ್ನು." ನನಗೆ ಗೊತ್ತಿತ್ತು ಎಂದು, ಮಲಯಾಳದಲ್ಲಿ. ನನ್ನ ತಂಗಿ ವಿನೋದಾಳ ಮಗಳು, ಅನನ್ಯ. ಏಳು ವರ್ಷ ಇರಬೇಕು ಆಗ. ತಾನೂ ತಿಂದಿದ್ದಳು, ಬಾಯಿ ಒರೆಸಿಕೊಂಡಿದ್ದಳು, ಯಾರೂ ಅವಳನ್ನು ಕೇಳಿರಲಿಲ್ಲ. ನಾನು ಬೈಯಲು ಬಾಯಿ ತೆರೆದರೆ ಜಯಕರ ನನ್ನ ಕೈ ಹಿಡಿದ. "ಬಿಡು ಪ್ರಭು. ಇವಳಿಗೆ ಆ ವಯಸ್ಸು ಬರುತ್ತಾ ಉಂಟು."

ಯಾವ ವಯಸ್ಸು? ಇಲ್ಲಿ ಹಿಂದೂ ಬಂಧುಗಳು ಬಹಳ ಜನ ಇದ್ದೀರಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುವಾಗ ಅಯ್ಯನವರು 'ನಂಬುತ್ತೀಯಾ' ಎಂದು ಕೇಳುತ್ತಾರೆ. ಕೂಸು ಎಂತ ಹೇಳುತ್ತದೆ? ಅಳುತ್ತದೆ. ಹಾಗಾಗಿ ಪಕ್ಕದಲ್ಲಿ ನಿಂತ ದೊಡ್ಡವರು ಕೂಸಿನ ಪರವಾಗಿ 'ನಂಬುತ್ತೇನೆ' ಎನ್ನಬೇಕು. ಅನನ್ಯಳ ಪರವಾಗಿ ಹೇಳಿದವನು ಅವಳ ಸೋದರಮಾವ, ಈ ಪ್ರಭುದಾಸ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಕೂಸು ಅಳು ನಿಲ್ಲಿಸಿ ನನ್ನನ್ನು ನೋಡಿತು, ವಿನೋದಾಳನ್ನು ಕೇಳಿ. ಮುಂದೆ ಮಗುವಿಗೆ ತಿಳಿವಳಿಕೆ ಬಂದಾಗ ಅದೇ ಮಾತನ್ನು ಅದು ಸಭೆಯ ಮುಂದೆ ನಿಂತು ತಾನೇ ಹೇಳಬೇಕು. ಅದಕ್ಕೆ ದೃಢೀಕರಣ ಎನ್ನುತ್ತಾರೆ. ಅಲ್ಲಿಂದ ಮುಂದೆ ದೇವರಿಗೆ ಉತ್ತರ ಕೊಡುವುದು ಅವರವರೇ. ಆ ದಿನದವರೆಗೆ ಹೊಣೆ ನಮ್ಮದು.

ಆ ದಿನ ಯಾವಾಗ? ಇದೇ ನಮ್ಮಿಬ್ಬರ ಜಗಳ. ನಮ್ಮ ಊರಿನಲ್ಲಿ ಚರ್ಚಿನ ಗಂಟೆಯ ಹಗ್ಗಕ್ಕೆ ಕೈ ಎಟುಕಿದರೆ ಮಗುವಿಗೆ ವಯಸ್ಸಾಯಿತು ಎಂದು ಅರ್ಥ. ನನಗೆ ಹನ್ನೊಂದಕ್ಕೇ ಎಟುಕಿತು. ಪಾಠ ಎಲ್ಲ ಬಾಯಿಪಾಠ, ಅಯ್ಯನವರ ಮುಂದೆ ನಡುವೆ ಉಸಿರು ಎಳೆಯದೆ ಒಪ್ಪಿಸಿದೆ. ಈ ಎಂ.ಎ. ಮನುಷ್ಯ ದೃಢೀಕರಣ ತೆಗೆದುಕೊಂಡದ್ದು ಕಾಲೇಜಿಗೆ ಹೋದ ಮೇಲೆ. ನಾನು ಇದನ್ನು ನೆನಪಿಸಿ ಕೆಣಕಿದರೆ, "ಉಸಿರೇ ಎಳೆಯದವನು ಯೋಚಿಸಿದ್ದು ಯಾವಾಗ ಮಾರಾಯ?" ಎಂದು ಕೇಳುತ್ತಿದ್ದ. ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ಹೊಳೆದಾಗ ಕೇಳಿಸಿಕೊಳ್ಳಲು ಅವನಿಲ್ಲ.

ಅನನ್ಯಳಿಗೆ ಹದಿಮೂರು ಆಯಿತು. ದೃಢೀಕರಣದ ತರಗತಿ ಮುಗಿಯಿತು. ನಾನು ಬಿಳಿ ಫ್ರಾಕು ಹೊಲಿಸಿದೆ, ಕೊಚ್ಚಿಯ ನೆಂಟರನ್ನು ಕರೆದೆ, ಬಿರಿಯಾನಿಗೆ ಹೇಳಿದೆ. ಹಿಂದಿನ ದಿನ ಜಯಕರ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಒಂದು ಪ್ರಶ್ನೆ ಕೇಳಿದ. "ನಾಳೆ ನೀನು ನಂಬುತ್ತೇನೆ ಅಂತ ಹೇಳುವುದು ಯಾರಿಗೋಸ್ಕರ?" ಉಳಿದವರೆಲ್ಲ ದೇವರಿಗೋಸ್ಕರ ಎಂದರು, ಜಾಣ ಮಕ್ಕಳು. ಇವಳು "ಪ್ರಭು ಮಾವನಿಗೋಸ್ಕರ" ಎಂದಳು.

ನಾನಾದರೆ ಅಲ್ಲೇ ಎತ್ತಿ ಮುದ್ದಾಡುತ್ತಿದ್ದೆ. ಅವನು, "ಹಾಗಾದರೆ ಕಾಯೋಣ ಮಗಳೇ," ಎಂದ.

ಮರುದಿನ ಬೇರೆಯವರ ಮಕ್ಕಳು ನಿಂತರು. ನಮ್ಮ ಮಗು ಬಿಳಿ ಫ್ರಾಕು ಹಾಕಿ ಬೆಂಚಿನಲ್ಲಿ ಕುಳಿತಿತ್ತು. ಬಿರಿಯಾನಿಯನ್ನು ಎಲ್ಲರೂ ತಿಂದರು, ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಸಂಜೆ ನಾನು ಅವನ ಮನೆಗೆ ಹೋಗಿ ಕೂಗಾಡಿದೆ. ಪ್ರೇಮಕ್ಕ ಸಾಕ್ಷಿ.

"ಅವಳು ದಿನಾ ಕಳಕ್ಕೂಟಂ ಬೈಪಾಸು ದಾಟಿ ಶಾಲೆಗೆ ಹೋಗುವವಳು. ಬಸ್ಸು ಹೇಗೆ ಓಡಿಸುತ್ತಾರೆ ನನಗೆ ಗೊತ್ತುಂಟು, ನಾನು ಡ್ರೈವರ್. ನಾಳೆ ಏನಾದರೂ ಆದರೆ? ಬುದ್ಧಿ ಬಂದಿದೆ, ಮಾತು ಕೊಟ್ಟಿಲ್ಲ. ದೇವರ ಮುಂದೆ ಅವಳು ಯಾರ ಮಗು ಆಗ?"

ಇದು ಜಗಳಕ್ಕೆ ಹೇಳಿದ ಮಾತಲ್ಲ. ಆ ಹೆದರಿಕೆ ನನಗೆ ನಿಜವಾಗಿಯೂ ಇತ್ತು. ಅವನಿಗೆ ಅದು ತಿಳಿಯಿತು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟ — ಹೀಗೆ — ಆಮೇಲೆ ಹೇಳಿದ.

"ನೀನು ಅವಳ ಪರವಾಗಿ ಹೇಳಿದ ಮಾತು ಹಳಸಿದೆಯಾ ಪ್ರಭು? ಅವಳು ತನ್ನದೇ ಮಾತು ಹೇಳುವವರೆಗೆ ಅದು ಅವಳ ಮೇಲೆ ಉಂಟು. ದೇವರಿಗೆ ನಿನ್ನಷ್ಟು ಅವಸರ ಇಲ್ಲ."

ಅವತ್ತು ನಾನು ನಿದ್ದೆ ಮಾಡಿದೆ. ಆದರೆ ಸಿಟ್ಟು ಹೋಗಲಿಲ್ಲ. ಯಾಕೆಂದರೆ ಅಲ್ಲಿಂದ ಮುಂದೆ ಹುಡುಗಿ ಭಾನುವಾರ ಭಾನುವಾರ ಅವನ ಪಕ್ಕವೇ ಕುಳಿತಳು. ನನಗೆ ಮಲಯಾಳದಲ್ಲಿ ಉತ್ತರ ಕೊಡುವವಳು ಅವನ ಹತ್ತಿರ ತಡವರಿಸಿಕೊಂಡು ಕನ್ನಡ ಮಾತಾಡುತ್ತಿದ್ದಳು. ಫ್ರಾಕು ಹೊಲಿಸಿದವನು ನಾನು ಸ್ವಾಮಿ.

ಈಗ ಅವಳಿಗೆ ಹದಿನೇಳು. ಜಯಕರ ಕಾಯಿಲೆ ಬಿದ್ದು ಕೊಚ್ಚಿಯಲ್ಲಿ ರಂಜನನ ಮನೆಯಲ್ಲಿದ್ದ. ನೋಡಬೇಕು ಎಂದು ಹಟ ಹಿಡಿದಳು, ಬೆಳಗಿನ ರೈಲಿನಲ್ಲಿ ಕರೆದುಕೊಂಡು ಹೋದೆ. ಮಂಚದ ಪಕ್ಕದಲ್ಲಿ ಕುಳಿತು ಐದು ನಿಮಿಷ ಆಗಿಲ್ಲ, ಅವನು ಹೇಳುತ್ತಾನೆ, "ಪ್ರಭು, ಕೆಳಗೆ ಅಂಗಡಿಯಿಂದ ಒಂದು ಚಾಯ ತಾ ಮಾರಾಯ. ಪ್ರೇಮ ಕೊಡುವುದರಲ್ಲಿ ಸಕ್ಕರೆ ಇಲ್ಲ."

ನಗಬೇಡಿ ಪ್ರೇಮಕ್ಕ. ಅದು ನನ್ನನ್ನು ಹೊರಗೆ ಕಳಿಸಲಿಕ್ಕೆ ಎಂದು ನಿಮಗೂ ಗೊತ್ತಿತ್ತು.

ನಾನು ಹೋದೆ. ಸಾಯುವವನು ಕೇಳಿದ್ದಾನೆ ಎಂದು ಅಂಗಡಿಯವನ ಎದುರು ನಿಂತು, ನೊರೆ ಬರುವ ಹಾಗೆ ಎತ್ತಿ ಹೊಯ್ಯಿಸಿ, ಗ್ಲಾಸು ಹಿಡಿದು ಮೆಟ್ಟಿಲು ಹತ್ತಿ ಬಂದರೆ — ಅವಳು ಅವನ ಕೈ ಹಿಡಿದು ಕುಳಿತಿದ್ದಾಳೆ. ಇಬ್ಬರ ಕಣ್ಣೂ ಒದ್ದೆ. ಇಬ್ಬರೂ ನಗುತ್ತಿದ್ದಾರೆ. ಅವಳು ಹೇಳಿ ಮುಗಿಸಿದ್ದಳು. ಏನೋ ಹೇಳಿದ್ದಳು, ನಂಬುತ್ತೇನೆ ಎಂದೋ, ಇಲ್ಲ ಎಂದೋ. ನಾನು ಚಾಯ ತರಲು ಹೋಗಿದ್ದೆ.

"ಎಂತ ಹೇಳಿದಳು?" ಎಂದು ಕೇಳಿದೆ.

"ಅದು ಅವಳ ಮಾತು. ನಾನು ಅವಳ ಪರವಾಗಿ ಹೇಳುವ ಹಾಗಿಲ್ಲ," ಎಂದ. ಚಾಯ ಪೂರ್ತಿ ಕುಡಿದ. ಚೆನ್ನಾಗಿದೆ ಎಂದ.

ವಾಪಸು ಬರುವಾಗ ರೈಲಿನಲ್ಲಿ ಅವಳನ್ನು ಕೇಳಿದೆ. "ಮಾವಾ, ಕುರಚ್ಚು ವೆಯ್ಟ್ ಚೆಯ್ಯ್," ಎಂದಳು. ಸ್ವಲ್ಪ ಕಾಯಬೇಕಂತೆ. ಅವನ ಮಾತೇ ಅವಳ ಬಾಯಲ್ಲಿ.

ಕೊಚ್ಚಿಯಲ್ಲಿ ಜಯಕರನ ಪೆಟ್ಟಿಗೆಗೆ ಮುಂದಿನ ಬಲಗಡೆ ಹೆಗಲು ಕೊಟ್ಟವನು ನಾನು. ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಪೆಟ್ಟಿಗೆ ಇಳಿಸುವಾಗ ನನಗೆ ಬಂದ ಯೋಚನೆಯನ್ನು ಹೇಳಿದರೆ ನೀವು ಬೈಯಬೇಡಿ — ಈ ಮನುಷ್ಯ ನನ್ನ ಹುಡುಗಿಯ ಮಾತನ್ನು ತೆಗೆದುಕೊಂಡು ಹೋಗುತ್ತಿದ್ದಾನೆ.

ಬರುವ ಭಾನುವಾರ ದೃಢೀಕರಣ ಉಂಟು. ಅನನ್ಯ ನಿಲ್ಲುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಅಯ್ಯನವರಿಗೂ ಗೊತ್ತಿಲ್ಲ. ಗೊತ್ತಿದ್ದವನು ಅಗೋ, ಹಾರ ಹಾಕಿಸಿಕೊಂಡು ಗೋಡೆಗೆ ಒರಗಿದ್ದಾನೆ. ಈ ಸಲ ನಾನು ಫ್ರಾಕು ಹೊಲಿಸಿಲ್ಲ. ಯಾರನ್ನೂ ಕರೆದಿಲ್ಲ. ಅವಳು ಹೇಳುವವರೆಗೆ ನನ್ನ ಮಾತು ಅವಳ ಮೇಲೆ ಇರಲಿ. ಅದು ಹಳಸಿಲ್ಲ ಜಯಕರಾ, ನಾನು ದಿನಾ ಹೊಸದಾಗಿ ಹೇಳುತ್ತಾ ಇದ್ದೇನೆ.

ಇನ್ನು ನಾವೆಲ್ಲ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲಬೇಕು. ಸಂಡೇ ಸ್ಕೂಲಿನಲ್ಲಿ ಪ್ರಾರ್ಥನೆಗೆ ನಾನು ಕೈ ಎತ್ತಿದರೆ ಮಕ್ಕಳು ಏಳುತ್ತಿದ್ದರು, ಏಳದವರ ಮೊಣಕೈ ಹಿಡಿದು ಎಬ್ಬಿಸುತ್ತಿದ್ದೆ. ಇವತ್ತು ಕೈ ಎತ್ತುವುದಿಲ್ಲ. ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ನೋಡಿ. ಭಾನುವಾರಕ್ಕೆ ನನಗೂ ಸ್ವಲ್ಪ ಅಭ್ಯಾಸ ಬೇಕು.

ಅನನ್ಯಾ, ನೀನು ಎರಡನೇ ಸಾಲಿನಲ್ಲಿದ್ದೀ. ನಿನ್ನ ಕಡೆ ನೋಡುವುದಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತೇನೆ. ಆ ಕುರ್ಚಿಯ ಒಂದು ಕಾಲು ಸಡಿಲ, ಎದ್ದರೆ ಕಿರ್ ಎನ್ನುತ್ತದೆ. ಅದಕ್ಕೇ ನಿನ್ನನ್ನು ಅದರಲ್ಲಿ ಕೂರಿಸಿದ್ದು.

ಜಯಕರಾ, ಈ ಸದ್ದನ್ನಾದರೂ ಮೊದಲು ಕೇಳುವವನು ನಾನು.

ಏಳುವವರು ಏಳಿ.